ಕಾಲುಬಾಯಿ ಅಂದರು, ಅಮ್ಮ ಅಂದರು

ನನ್ನ ಮಗಳಿಗೆ ಆ ಕಾಯಿಲೆ ಬಂದಾಗ ನಮ್ಮ ಸೀಮೆಯಲ್ಲಿ ಅದಕ್ಕೊಂದು ಹೆಸರಿರಲಿಲ್ಲ. ಈಗ ಇದೆ. ಮಗುವಿನ ಬಾಯಿ ತೆರೆಸಿ, ಅಂಗೈ ಅಂಗಾಲು ತಿರುಗಿಸಿ ನೋಡಿ, "ಹ್ಯಾಂಡ್ ಫುಟ್ ಮೌತ್ ಅಷ್ಟೇ ಕಣ್ರೀ, ಒಂದು ವಾರದಲ್ಲಿ ಹೋಗುತ್ತೆ" ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಆ "ಅಷ್ಟೇ" ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗೆ ಅಷ್ಟು ಹೇಳುವವರು ಸಿಗಲು ನಾಲ್ಕು ದಿನ ಹಿಡಿಯಿತು. ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ತನ್ನ ಮಗುವನ್ನು ಸೊಂಟದ ಮೇಲೆ ಹಾಕಿಕೊಂಡು ಅಳುತ್ತಾ ಬಂದಳು. ಡಾಕ್ಟರು ಎಲ್ಲ ಹೇಳಿದ್ದರೂ ಅವಳಿಗೆ ಭಯ ಹೋಗಿರಲಿಲ್ಲ. ಅವಳನ್ನು ಕೂರಿಸಿಕೊಂಡು ನನ್ನ ಕಥೆ ಹೇಳಿದೆ. ಕೇಳಿ ಕಣ್ಣೊರೆಸಿಕೊಂಡು, ಕೊನೆಗೆ ನಕ್ಕಳು ಕೂಡ. ಅದನ್ನೇ ಇಲ್ಲಿ ಬರೆದಿದ್ದೇನೆ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನನ್ನ ತವರು ಮಧುಗಿರಿ. ಮದುವೆಯಾಗಿ ಬಂದದ್ದು ಶಿರಾ ತಾಲ್ಲೂಕಿಗೆ, ತಾವರೆಕೆರೆಯ ಪಕ್ಕದ ಒಂದು ಹಳ್ಳಿಗೆ. ನಮ್ಮ ಯಜಮಾನರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದರು. ಡಾಕ್ಟರು ವಾರಕ್ಕೊಂದು ಸಲ ಬಂದರೆ ಹೆಚ್ಚು, ಹಾಗಾಗಿ ಸುತ್ತಮುತ್ತಲ ಹಳ್ಳಿಯವರಿಗೆಲ್ಲ ಇವರೇ "ದನದ ಡಾಕ್ಟ್ರು". ಅದಕ್ಕೆ ಇವರು ಒಂದು ದಿನವೂ ಬೇಡ ಅಂದವರಲ್ಲ. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಒಂದು ವರ್ಷ ಹತ್ತು ತಿಂಗಳ ಮಗಳು ಗಿರಿಜ, ಹಿತ್ತಿಲಿನಲ್ಲಿ ಒಂದು ಹಸು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ದನಗಳಿಗೆ ಕಾಲುಬಾಯಿ ಜ್ವರ ಹತ್ತಿಕೊಂಡಿತ್ತು. ಬೆಳಗಾದರೆ ಆಸ್ಪತ್ರೆಯ ಮುಂದೆ ಕುಂಟುವ ಎತ್ತುಗಳು, ಬಾಯಿಂದ ಹಗ್ಗದ ಹಾಗೆ ಜೊಲ್ಲು ಸುರಿಸುವ ಹಸುಗಳು ನಿಂತಿರುತ್ತಿದ್ದವು. ಇವರು ಒಂದೊಂದರ ದವಡೆ ಬಿಡಿಸಿ, ನಾಲಿಗೆ ಹಿಡಿದು, ಬಾಯಿ ತೊಳೆದು ಔಷಧಿ ಹಚ್ಚುತ್ತಿದ್ದರು. ಸಂಜೆ ಬಂದಾಗ ಮೈಯೆಲ್ಲ ಫಿನಾಯಿಲ್ ವಾಸನೆ. ಗಿರಿಜಳಿಗೆ ಆ ವಾಸನೆಯೆಂದರೆ ಅಪ್ಪ. ಸೈಕಲ್ಲಿನ ಸದ್ದಾದರೆ ಸಾಕು, ಓಡಿಹೋಗಿ ಕಾಲು ತಬ್ಬಿಕೊಳ್ಳುತ್ತಿದ್ದಳು. ಇವರು ಕೈ ತೊಳೆಯುವ ಮೊದಲೇ ಅವಳನ್ನು ಎತ್ತಿಕೊಂಡಾಗಿರುತ್ತಿತ್ತು. ನಾನು ಬೈದರೆ, "ಇರ್ಲಿ ಬುಡೇ, ದನಿನ್ ಡಾಕ್ಟ್ರು ಮಗಳು" ಅನ್ನುತ್ತಿದ್ದರು.

ಮೊದಲ ದಿನ ಬಂದದ್ದು ಸಣ್ಣ ಜ್ವರ. ಮಗು ಊಟ ಬೇಡವೆಂದಿತು. ಹಲ್ಲು ಬರುತ್ತಿರಬೇಕು ಎಂದುಕೊಂಡೆ. ಎರಡನೆಯ ದಿನ ಅನ್ನ ಕಲಸಿ ಬಾಯಿಗಿಟ್ಟರೆ ಚೀರಿ ಮುಖ ತಿರುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಬಾಯಿಂದ ಜೊಲ್ಲು ಇಳಿಯತೊಡಗಿತು. ನಾನು ಸೆರಗಿನಲ್ಲಿ ಒರೆಸಿದೆ, ಮತ್ತೆ ಇಳಿಯಿತು. ಅಂಗೈಯಲ್ಲಿ ನಾಲ್ಕಾರು ಕೆಂಪು ಚುಕ್ಕೆ ಕಂಡವು. ಸೊಳ್ಳೆ ಕಡಿದಿರಬೇಕು ಎಂದು ಅದಕ್ಕೂ ಒಂದು ಸಮಾಧಾನ ಹೇಳಿಕೊಂಡೆ. ತಾಯಿಯ ಮನಸ್ಸು ಹೀಗೇ, ಕಣ್ಣೆದುರಿಗಿದ್ದದ್ದನ್ನು ಆದಷ್ಟು ಹೊತ್ತು ನೋಡಲೊಲ್ಲದು.

ಸಂಜೆ ಇವರ ಸೈಕಲ್ ಬಂತು. ಗಿರಿಜ ಓಡಲಿಲ್ಲ. ನನ್ನ ತೊಡೆಯ ಮೇಲೆ ಕೂತೇ ಎರಡೂ ಕೈ ಚಾಚಿದಳು. ಇವರು ನಗುತ್ತಾ ಹತ್ತಿರ ಬಂದವರು, ಅವಳ ತುಟಿಯಿಂದ ಎದೆಯವರೆಗೆ ಇಳಿದಿದ್ದ ಜೊಲ್ಲಿನ ಎಳೆ ನೋಡಿ ಅಲ್ಲೇ ನಿಂತುಬಿಟ್ಟರು. ಆ ಮುಖ ನಾನು ಮರೆಯುವ ಹಾಗಿಲ್ಲ.

"ಬಾಯಿ ತೆಗ್ಸು ಅವಳ್ದು" ಅಂದರು.

ತೆಗೆಸಿದೆ. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಬಿಳಿ ಬಿಳಿ ಹುಣ್ಣು.

"ಕಾಲು ನೋಡು."

ಅಂಗಾಲಿನಲ್ಲಿ ಸಣ್ಣ ನೀರುಗುಳ್ಳೆಗಳು. ಹಿಂದಿನ ದಿನ ಇರಲಿಲ್ಲ, ನಾನು ಆಣೆ ಮಾಡಿ ಹೇಳಬಲ್ಲೆ.

ಇವರು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ಜಗಲಿಯ ಅಂಚಿನಲ್ಲಿ ಕೂತರು. "ಕಾಲು, ಬಾಯಿ, ಜೊಲ್ಲು. ಇನ್ನೇನು ಬೇಕೇ? ನಾನೇ ತಂದಿರೋದು ಕಣೇ ಇದ್ನ. ಬೆಳಿಗ್ಗೆಯಿಂದ ಸಂಜೆಗಂಟ ಆ ದನಗಳ ಬಾಯಾಗೆ ಕೈ ಹಾಕ್ತೀನಿ, ಬಂದು ಇವಳ್ನ ಎತ್ಕೊಂತೀನಿ."

"ದನಿನ್ ಕಾಯ್ಲೆ ಮನುಷ್ಯರಿಗೆ ಬತ್ತದಾ? ನೀವೇ ಬರಲ್ಲ ಅಂತ ಹೇಳ್ತಿದ್ರಲ್ಲ?" ಎಂದು ಕೇಳಿದೆ.

"ಹೇಳ್ತಿದ್ದೆ. ಈಗ ಬಂದೈತಲ್ಲ" ಅಂದರು. ಆಮೇಲೆ ಎದ್ದು ಹೋಗಿ ಬಾವಿಯ ಹತ್ತಿರ ಕೈ ತೊಳೆದರು. ಸೀಗೆಪುಡಿ ಹಾಕಿ, ಬೂದಿ ಹಾಕಿ, ಸೋಪು ಹಾಕಿ ತೊಳೆದರು. ಆದರೂ ಮಗುವನ್ನು ಮುಟ್ಟಲಿಲ್ಲ. ಗಿರಿಜ ಕೈ ಚಾಚಿಕೊಂಡೇ ಇದ್ದಳು. "ಅಪ್ಪ, ಅಪ್ಪ" ಅಂದಳು. ಇವರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು. ಆ ದಿನದಿಂದ ಹಸುವಿನ ಹಾಲನ್ನು ಮಗುವಿಗೆ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿದರು.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಗುಳ್ಳೆಗಳನ್ನು ಕಂಡರು. ಕಣ್ಣು ಮಂಜಾಗಿದ್ದರಿಂದ ಅಲ್ಲಿಯವರೆಗೆ ಅವರಿಗೆ ಕಂಡಿರಲಿಲ್ಲ, ನಾವೂ ಹೇಳಿರಲಿಲ್ಲ. ಮಗುವಿನ ಅಂಗಾಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿ, ಕೆಳಗಿಟ್ಟು, ಎರಡೂ ಕೈ ಜೋಡಿಸಿದರು.

"ಅಮ್ಮ ಬಂದವ್ಳೆ ಕಣಮ್ಮಿ. ಯಾರೂ ಬಾಯಿಗೆ ಬಂದಂಗೆ ಮಾತಾಡ್ಬ್ಯಾಡಿ. ಒಗ್ಗರಣೆ ಹಾಕ್ಬ್ಯಾಡ, ತಲೆ ಬಾಚ್ಬ್ಯಾಡ. ಔಸ್ದಿ ಅಂತ ಹೆಸ್ರೆತ್ತಿದ್ರೆ ಮುನಿಸ್ಕಂತಾಳೆ."

ಗಂಟೆಯೊಳಗೆ ಬಾಗಿಲಿಗೆ ಬೇವಿನ ಸೊಪ್ಪು ಬಂತು. ಮಗುವನ್ನು ಬೇವಿನ ಎಲೆಯ ಮೇಲೆ ಮಲಗಿಸಿದರು. ಆ ಕಾಲದಲ್ಲಿ ಸಿಡುಬು ಇನ್ನೂ ನಮ್ಮ ಸೀಮೆ ಬಿಟ್ಟು ಹೋಗಿರಲಿಲ್ಲ, ನನ್ನ ಸೋದರತ್ತೆಯ ಮುಖದ ಮೇಲೆ ಅದರ ಗುಳಿಗಳಿದ್ದವು, ಅವರ ಎರಡು ಮಕ್ಕಳು ಅದರಲ್ಲೇ ಹೋಗಿದ್ದವು. ಹಾಗಾಗಿ ಅತ್ತೆಯನ್ನು ನಾನು ಹಳಿಯುವುದಿಲ್ಲ. ಅವರು ಕಂಡದ್ದು ಅದು. ಮಗನಿಗೆ ದನ ಕಂಡಿತು, ತಾಯಿಗೆ ದೇವಿ ಕಂಡಳು. ಮಗುವಿಗೆ ಬಾಯಾರಿಕೆ ಆಗಿದೆಯೆಂಬುದು ಇಬ್ಬರಿಗೂ ಕಾಣಲಿಲ್ಲ.

ನಾನೇನು ದೊಡ್ಡ ಜಾಣೆಯಲ್ಲ. ನನ್ನ ತಪ್ಪೂ ಇದೆ, ಅದನ್ನೂ ಬರೆಯಬೇಕು. ಹಾಲು ಬೇಡವೆಂದರು, ಅನ್ನ ಹೋಗುತ್ತಿಲ್ಲ. ಬಾಯಿ ಉರಿಗೆ ತಂಪಾಗಲಿ ಎಂದು, ಇವರ ಅಪ್ಪಣೆಗೆ ಮೊದಲೇ ಹೆಪ್ಪು ಹಾಕಿದ್ದ ಮೊಸರಿನಿಂದ ಮಜ್ಜಿಗೆ ಮಾಡಿದೆ. ನಮ್ಮ ಕಡೆ ಯಾವ ಉರಿಗಾದರೂ ಮಜ್ಜಿಗೆಯೇ ಮದ್ದು. ಒಂದು ಹರಳು ಉಪ್ಪು ಹಾಕಿ, ಮಗುವಿಗೆ ಹಾಲು ಕುಡಿಸುವ ಒಳಲೆಗೆ ಬಗ್ಗಿಸಿ, ಕಾಲ ಮೇಲೆ ಮಲಗಿಸಿಕೊಂಡು ಮೂಗು ಹಿಡಿದು ಗಂಟಲಿಗೆ ಬಿಟ್ಟೆ. ಹುಳಿ ಮಜ್ಜಿಗೆ, ಉಪ್ಪು ಬೇರೆ. ಹುಣ್ಣಿನ ಬಾಯಿ. ಮಗು ಉಸಿರು ಕಟ್ಟಿ ಕೂಗಿದ ಆ ಕೂಗು ಈಗಲೂ ಕಿವಿಯಲ್ಲಿದೆ. ಅಂದಿನಿಂದ ಒಳಲೆ ಕಂಡರೆ ಸಾಕು, ಹಲ್ಲು ಕಚ್ಚಿ ತುಟಿ ಬಿಗಿದು ಕೂರುತ್ತಿದ್ದಳು. ಬರೀ ನೀರು ಹಾಕಿಕೊಟ್ಟರೂ ಅದೇ. ಲೋಟ ಕಂಡರೂ ಅದೇ. ಅವಳಿಗೆ ನನ್ನ ಮೇಲೆ ನಂಬಿಕೆ ಹೋಗಿತ್ತು, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೊರಗಡೆ ಊರಿನ ಬಾಯಿ ಬೇರೆ. ಬೇವಿನ ಸೊಪ್ಪು ಕಂಡವರು ಅಮ್ಮ ಅಂದರು. ಇವರ ಮುಖ ಕಂಡವರು ಕಾಲುಬಾಯಿ ಅಂದರು. ದಿನಾ ನಮ್ಮ ಮನೆಯಿಂದ ಹಾಲು ಒಯ್ಯುತ್ತಿದ್ದ ಎದುರು ಮನೆಯ ಅಜ್ಜಿ ಆ ದಿನ ಚೊಂಬು ಕಳಿಸಲಿಲ್ಲ. "ದನಗಳ ಶಾಪ ಸುಮ್ಕೆ ಬುಡುತ್ತಾ?" ಎಂದು ಯಾರೋ ಬೀದಿಯಲ್ಲಿ ಹೇಳಿದ್ದು ಕೇಳಿಸಿತು. ಶಾಪ ಹಾಕಲು ಇವರು ದನಗಳಿಗೆ ಮಾಡಿದ್ದಾದರೂ ಏನು, ಬಾಯಿ ತೊಳೆದದ್ದೇ? ನನಗೆ ಮೈಯೆಲ್ಲ ಉರಿದುಹೋಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯಲು ಬಾವಿಯ ಹತ್ತಿರ ಹೋದೆ. ದಿನವೂ ಮಗುವಿನ ಒದ್ದೆ ಬಟ್ಟೆ ಏಳೆಂಟಾದರೂ ಇರುತ್ತಿದ್ದವು. ಆ ದಿನ ಒಂದೂ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಹಾಸಿದ ಬಟ್ಟೆ ಹಾಗೇ ಒಣಗಿತ್ತು. ಒಳಗೆ ಹೋಗಿ ಮಗುವನ್ನು ನೋಡಿದೆ. ಅಳುತ್ತಿದ್ದಾಗ ಕಣ್ಣೀರು ಬರುತ್ತಿರಲಿಲ್ಲ. ತುಟಿ ಬಿರಿದಿತ್ತು. ನಾನು ಓದಿದ್ದು ನಾಲ್ಕನೇ ತರಗತಿ, ಆದರೆ ಇದು ಒಳ್ಳೆಯದಲ್ಲ ಎಂದು ತಿಳಿಯಲು ಓದಬೇಕಾಗಿರಲಿಲ್ಲ.

"ಅತ್ತೆಮ್ಮ, ನಾನು ಶಿರಾಕ್ಕೆ ಹೋಗ್ತೀನಿ, ಆಸ್ಪತ್ರೆಗೆ" ಅಂದೆ.

"ಹೊಸಿಲು ದಾಟಿಸ್ಬ್ಯಾಡ. ಅಮ್ಮನ್ನ ಹೊರಕ್ಕೆ ಕರ್ಕೊಂಡೋದ್ರೆ ಏನಾಯ್ತದೆ ಗೊತ್ತಾ ನಿಂಗೆ?"

"ಅಮ್ಮಂಗೆ ಕಣ್ಣೈತೆ ಅತ್ತೆಮ್ಮ. ನಾನು ಯಾಕೆ ಹೋಗ್ತಿದೀನಿ ಅಂತ ಅವ್ಳಿಗೂ ಕಾಣುಸ್ತೈತೆ. ತಪ್ಪಾದ್ರೆ ನನ್ನ ಮೇಲೇ ಬರ್ಲಿ." ಅತ್ತೆಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಒಂದು ಚಿಟಿಕೆ ವಿಭೂತಿ ತಂದು ಮಗುವಿನ ಹಣೆಗಿಟ್ಟು ಗೋಡೆಯ ಕಡೆಗೆ ತಿರುಗಿ ನಿಂತರು.

ದೊಡ್ಡ ರಸ್ತೆಯಲ್ಲಿ ಬಸ್ಸು ನಿಂತಿತು, ಹತ್ತಲು ಕಾಲಿಟ್ಟೆ. ಮಗುವಿನ ಕೂದಲಲ್ಲಿ ಒಂದು ಬೇವಿನ ಎಲೆ ಸಿಕ್ಕಿಕೊಂಡಿದ್ದನ್ನು ನಾನು ನೋಡಿರಲಿಲ್ಲ. ಕಂಡಕ್ಟರ್ ನೋಡಿದ.

"ಅಮ್ಮ ಆಗಿರೋ ಮಗೀನ ಹತ್ತಿಸ್ತೀರೇನಮ್ಮ? ಬಸ್ಸಲ್ಲಿ ಬ್ಯಾರೆ ಮಕ್ಳವೆ."

"ಅಮ್ಮ ಅಲ್ಲಪ್ಪ ಇದು, ಕಾಲುಬಾಯಿ" ಎಂದುಬಿಟ್ಟೆ, ಅದರಿಂದ ಅನುಕೂಲವಾದೀತು ಎಂದುಕೊಂಡು. ಬಸ್ಸಿನಲ್ಲಿದ್ದವರೆಲ್ಲ ಒಂದೇ ಸಲ ಕಿಟಕಿಯ ಕಡೆ ಸರಿದರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು. ಇಂದು ಯೋಚಿಸಿದರೆ ಆ ಕಂಡಕ್ಟರದ್ದು ತಪ್ಪೇನಿಲ್ಲ. ಅಂಟುವ ಕಾಯಿಲೆಯ ಮಗುವನ್ನು ತುಂಬಿದ ಬಸ್ಸಿಗೆ ಹತ್ತಿಸಬಾರದು. ಆದರೆ ಆ ದಿನ ಬಸ್ಸಿನ ಧೂಳಿನಲ್ಲಿ ನಿಂತು ನಾನು ಅವನಿಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯಲಾಗುವುದಿಲ್ಲ.

ಹಿಂದಿನಿಂದ ಸೈಕಲ್ ಬೆಲ್ ಕೇಳಿಸಿತು. ಯಾರೋ ಸುದ್ದಿ ಮುಟ್ಟಿಸಿರಬೇಕು, ಇವರು ದನದ ಆಸ್ಪತ್ರೆಗೆ ಬೀಗ ಹಾಕಿ ಬಂದಿದ್ದರು. ನನ್ನ ಮುಖ ನೋಡದೆ, "ಕ್ಯಾರಿಯರ್ ಮೇಲೆ ಕೂತ್ಕೊ. ಮಗೀನ ಭದ್ರವಾಗಿ ಹಿಡ್ಕೊ" ಅಂದರು.

ಶಿರಾದವರೆಗೂ ತುಳಿದರು. ಎರಡು ಗಂಟೆಯ ದಾರಿ. ಬೆನ್ನು ನಮ್ಮ ಕಡೆ. ಏರು ಬಂದಾಗ ನಾನು ಇಳಿಯುತ್ತೇನೆ ಅಂದರೆ "ಕೂತ್ಕೊಳೇ" ಎಂದು ಗದರುತ್ತಿದ್ದರು. ಗಿರಿಜ ಒಮ್ಮೆ ಕೈ ಚಾಚಿ ಅವರ ಅಂಗಿ ಹಿಡಿದಳು. ಹಿಡಿದದ್ದು ಅವರಿಗೆ ಗೊತ್ತಾಯಿತು, ಯಾಕೆಂದರೆ ಸೈಕಲ್ ಒಂದು ಕ್ಷಣ ಅಲುಗಾಡಿತು. ಆದರೆ ಹಿಂದಿರುಗಿ ನೋಡಲಿಲ್ಲ.

ಶಿರಾದ ಆಸ್ಪತ್ರೆಯ ಜಗಲಿಯಲ್ಲಿ ನೂರು ಜನರಾದರೂ ಇದ್ದರು. ಇವರು ದೂರದಲ್ಲಿ ಹೊಂಗೆ ಮರದ ಕೆಳಗೆ ಸೈಕಲ್ ಹಿಡಿದು ನಿಂತರು. ನಾನು ಒಂದು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, ಮಗುವಿನ ಕೈಕಾಲನ್ನು ಸೆರಗಿನಲ್ಲಿ ಮುಚ್ಚಿ ಕೂತೆ. ಕಾಯುವಾಗ ಹೊತ್ತು ಹೋಗುವುದಿಲ್ಲ, ಬೇಡದ್ದೆಲ್ಲ ತಲೆಗೆ ಬರುತ್ತದೆ. ಮಗು ಹೋಗಿಬಿಟ್ಟರೆ ಇವರು ಆ ಕೈಗಳನ್ನು ಏನು ಮಾಡಿಕೊಳ್ಳುತ್ತಾರೆ ಎಂಬ ಯೋಚನೆ ಬಂತು. ಅಂಥ ಯೋಚನೆ ಬಂದದ್ದಕ್ಕೆ ನನಗೇ ಹೆದರಿಕೆಯಾಯಿತು.

ಪಕ್ಕದಲ್ಲಿ ಒಬ್ಬ ಮುಸಲ್ಮಾನ ಹೆಂಗಸು ಮೂರು ವರ್ಷದ ಮಗನನ್ನು ಕೂರಿಸಿಕೊಂಡಿದ್ದರು. ಹೆಸರು ರಹಮತ್ ಬೀ ಎಂದು ಆಮೇಲೆ ತಿಳಿಯಿತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ನನ್ನ ಸೆರಗನ್ನು ಮೆಲ್ಲಗೆ ಸರಿಸಿದರು. ಈಗ ಕೂಗಿ ಎಲ್ಲರನ್ನೂ ಸೇರಿಸುತ್ತಾರೆ ಎಂದುಕೊಂಡೆ. ಅವರು ಕೂಗಲಿಲ್ಲ. ತಮ್ಮ ಮಗನ ಅಂಗೈ ಬಿಡಿಸಿ ನನ್ನ ಮಗಳ ಅಂಗೈ ಪಕ್ಕಕ್ಕೆ ಹಿಡಿದರು. ಎರಡರ ಮೇಲೂ ಅದೇ ಗುಳ್ಳೆ.

"ಹೆದರ್ಬ್ಯಾಡಿ ಅಮ್ಮಾ. ನಮ್ ಹುಡುಗಂಗೆ ಆಗಿ ಐದು ದಿನ ಆಯ್ತು. ಇವತ್ತು ವಾಸಿ. ಡಾಕ್ಟರ್ ಸಾಬ್ರು ಮತ್ತೆ ತೋರ್ಸಿ ಅಂದಿದ್ರು, ಬಂದೆ."

ನನಗೆ ಮೊದಲು ಬಾಯಿಗೆ ಬಂದ ಪ್ರಶ್ನೆ ಅದೇ. "ನಿಮ್ ಮನೇಲಿ ದನ ಐತಾ?"

"ದನ ಎಲ್ಲಿಂದ ಬರ್ಬೇಕಮ್ಮಾ? ನಮ್ಮೋರು ಹಾಸಿಗೆ ಹೊಲಿಯೋರು. ಮನೆ ತುಂಬಾ ಹತ್ತಿ. ನಾವು ಕಾಲು ಚಾಚಾಕೇ ಜಾಗ ಇಲ್ಲ."

"ಹಾಲು?"

"ಕರಿ ಚಾ ಕುಡಿಯೋರು ನಾವು" ಎಂದು ನಕ್ಕರು.

ನಾನು ಎದ್ದು ನಿಂತು, ಅಷ್ಟು ಜನರ ನಡುವೆ, ಮರದ ಕೆಳಗಿದ್ದ ಯಜಮಾನರಿಗೆ ಕೇಳಿಸುವ ಹಾಗೆ ಕೂಗಿದೆ. "ರೀ, ಇವ್ರ ಮಗೀಗೂ ಇದೇ ಆಗೈತೆ! ಇವ್ರ ಮನೇಲಿ ದನಾನೂ ಇಲ್ಲ, ಹಾಲೂ ಇಲ್ಲ, ಬರೀ ಹತ್ತಿ ಐತೆ!" ಜಗಲಿಯವರೆಲ್ಲ ನನ್ನನ್ನು ನೋಡಿದರು. ಇವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಧಾನವಾಗಿ ಹತ್ತಿರ ಬಂದು, ಆ ಹುಡುಗನ ಅಂಗೈಯನ್ನು ದೂರದಿಂದಲೇ ಬಗ್ಗಿ ನೋಡಿದರು. ಮತ್ತೆ ಮರದ ಕೆಳಗೆ ಹಿಂತಿರುಗಿ ಹೋಗಲಿಲ್ಲ.

ಡಾಕ್ಟರು ವಯಸ್ಸಾದವರು. ಮಗುವಿನ ಮುಖ, ಎದೆ, ಬೆನ್ನು ನೋಡಿದರು. ತೋಳಿನ ಮೇಲೆ ಸಿಡುಬು ಬಾರದಿರಲೆಂದು ದಾಕು ಹಾಕಿಸಿದ ಗುರುತು ನೋಡಿದರು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು. "ಇದು ಸಿಡುಬಲ್ಲ. ಸಿಡುಬಾಗಿದ್ರೆ ಮುಖ ಬಿಡ್ತಿರ್ಲಿಲ್ಲ, ಮಗು ಇಷ್ಟು ಗಟ್ಟಿಯಾಗಿ ನನ್ನ ಒದೀತಾನೂ ಇರ್ಲಿಲ್ಲ" ಅಂದರು.

"ಕಾಲುಬಾಯಿನಾ ಸಾರ್?" ಎಂದು ಇವರು ಬಾಗಿಲಿನಿಂದಲೇ ಕೇಳಿದರು. ತಾವು ಏನು ಕೆಲಸ ಮಾಡುವುದೆಂದೂ ಹೇಳಿದರು, ತಪ್ಪೊಪ್ಪಿಕೊಳ್ಳುವವರ ಹಾಗೆ.

ಡಾಕ್ಟರು ಕನ್ನಡಕ ತೆಗೆದು ಇವರನ್ನು ನೋಡಿದರು. "ಹೆಸರು ಏನಂತ ನನಗೂ ಗೊತ್ತಿಲ್ಲಪ್ಪ. ನಾನು ಓದಿದಾಗ ಪುಸ್ತಕದಲ್ಲಿ ಇದು ಇರ್ಲಿಲ್ಲ. ಆದರೆ ಈ ತಿಂಗಳು ಇಂಥ ಐದಾರು ಮಕ್ಕಳನ್ನ ನೋಡಿದೀನಿ. ಎಲ್ಲಾ ಚಿಕ್ಕವು, ಎಲ್ಲಾ ವಾಸಿಯಾದವು. ಮಗುವಿಂದ ಮಗುವಿಗೆ ಅಂಟ್ತಾ ಐತೆ. ದನಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿನ್ನ ಕೈ ತಪ್ಪೇನೂ ಮಾಡಿಲ್ಲ."

ಆಮೇಲೆ ನನ್ನ ಕಡೆ ತಿರುಗಿ ಅವರು ಹೇಳಿದ್ದನ್ನು ನಾನು ಇಂದಿಗೂ ಎಲ್ಲ ತಾಯಂದಿರಿಗೂ ಹೇಳುತ್ತೇನೆ. "ನಾಲ್ಕು ದಿನ ಅನ್ನ ತಿನ್ನದಿದ್ರೆ ಏನೂ ಆಗಲ್ಲಮ್ಮ. ನೀರಿಲ್ಲದಿದ್ರೆ ಆಗುತ್ತೆ. ಹುಳಿ, ಉಪ್ಪು, ಖಾರ, ಬಿಸಿ ಯಾವುದೂ ಬೇಡ. ತಣ್ಣಗಿರೋದು ಏನಾದ್ರೂ, ಎಳನೀರು, ಕಾಯಿಸಿ ಆರಿಸಿದ ನೀರು, ಕಾಯಿಸಿ ಆರಿಸಿದ ಹಾಲು, ಒಂದೊಂದೇ ಗುಟುಕು. ಗುಳ್ಳೆ ಒಡೀಬೇಡಿ. ಬೇರೆ ಮಕ್ಕಳ ಜೊತೆ ಬಿಡಬೇಡಿ. ಅದರ ಬಟ್ಟೆ ತೊಳೆದ ಮೇಲೆ ಕೈ ತೊಳ್ಕೊಳ್ಳಿ. ಈಗ ಹೇಳಿ, ಉಚ್ಚೆ ಹೊಯ್ದದ್ದು ಯಾವಾಗ?"

ನಿನ್ನೆ ಮಧ್ಯಾಹ್ನ ಎಂದೆ. ಅವರ ಮುಖ ಸ್ವಲ್ಪ ಬಿಗಿಯಿತು. "ಊರಿಗೆ ಹೋಗ್ಬೇಡಿ. ಇಲ್ಲೇ ಹತ್ತಿರ ಇದ್ದು ಕುಡಿಸ್ತಾ ಇರಿ. ಸಂಜೆ ನಾಲ್ಕು ಗಂಟೆಯೊಳಗೆ ಉಚ್ಚೆ ಹೊಯ್ಯಲಿಲ್ಲ ಅಂದ್ರೆ, ಇಲ್ಲಾ ಮಗು ತೂಕಡಿಸ್ತಾ ಎಚ್ಚರ ಆಗದಿದ್ರೆ, ಮೈ ಬೆಚ್ಚಿಬೀಳ್ತಿದ್ರೆ, ತಕ್ಷಣ ಬನ್ನಿ. ಸೂಜಿಯಲ್ಲಿ ನೀರು ಕೊಡೋಣ."

ಹತ್ತಿರ ಇರಿ ಅಂದರೆ ಎಲ್ಲಿರುವುದು? ನಮಗೆ ಶಿರಾದಲ್ಲಿ ಯಾರೂ ಇರಲಿಲ್ಲ. ರಹಮತ್ ಬೀ ಅಲ್ಲೇ ನಿಂತಿದ್ದರು. "ಮನೆ ಇಲ್ಲೇ ಐತೆ, ಬನ್ನಿ. ನಮ್ ಮನೇಲಿ ಕೂರಾಕೆ ನಿಮಗೆ ಆಗುತ್ತೋ ಇಲ್ವೋ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಕಾಲ ಅಂಥದ್ದು. ನಾನು ಹುಟ್ಟಿದಾರಭ್ಯ ಬೇರೆ ಜಾತಿಯವರ ಮನೆಯಲ್ಲಿ ನೀರು ಮುಟ್ಟಿದವಳಲ್ಲ. ಆದರೆ ಮಗುವಿನ ನಾಲಿಗೆ ಒಣಗುತ್ತಿರುವಾಗ ಮಡಿಯನ್ನು ಯಾರು ನೋಡುತ್ತಾರೆ? ಎದ್ದು ಹೊರಟೆ. ಅತ್ತೆಗೆ ಈ ವಿಷಯ ಸಾಯುವವರೆಗೂ ನಾವು ಹೇಳಲಿಲ್ಲ.

ಒಂದೇ ಕೋಣೆ, ನಿಜವಾಗಿಯೂ ಮನೆ ತುಂಬ ಹತ್ತಿ. ಹೊಸದಾಗಿ ಹೊಲಿದ ಹಾಸಿಗೆಯೊಂದನ್ನು ಸುತ್ತಿ ಇಟ್ಟಿದ್ದರು. ಅದನ್ನೇ ಬಿಚ್ಚಿ ಹಾಸಿ ನಮ್ಮನ್ನು ಕೂರಿಸಿದರು. ಇವರು ಹೋಗಿ ಎರಡು ಎಳನೀರು ತಂದರು. ಬಟ್ಟಲಿಗೆ ಬಗ್ಗಿಸಿ ಮಗುವಿನ ಬಾಯಿಯ ಹತ್ತಿರ ಹಿಡಿದೆ. ಹಲ್ಲು ಕಚ್ಚಿದಳು. ಚಮಚದಲ್ಲಿ ಕೊಟ್ಟೆ, ಕೈಯಿಂದ ಹೊಡೆದಳು. ರಹಮತ್ ಬೀ ಕೊಟ್ಟರೂ ಇಲ್ಲ. ಹತ್ತಿಯನ್ನು ಅದ್ದಿ ತುಟಿಗೆ ಇಟ್ಟರೆ ಮುಖ ನನ್ನ ಎದೆಯೊಳಗೆ ಹುದುಗಿಸಿದಳು. ಮಜ್ಜಿಗೆ ಕುಡಿಸಿದವಳು ನಾನು, ಇನ್ನು ನನ್ನ ಕೈಯಿಂದ ಏನು ತಾನೇ ಕುಡಿದಾಳು? ಗಡಿಯಾರ ಇರಲಿಲ್ಲ. ಬಾಗಿಲಿನ ಬಿಸಿಲು ಹೊಸಿಲು ದಾಟಿ ಒಳಗೆ ಬರುತ್ತಿತ್ತು. ನಾನು ಅತ್ತುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ಇವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ರಹಮತ್ ಬೀಯವರನ್ನು, "ತಾಯೀ, ಒಸಿ ಸೋಪು, ಬಿಸಿನೀರು ಕೊಡ್ತೀರಾ?" ಎಂದು ಕೇಳಿದರು. ಅವರು ನೀರು ಬಿಟ್ಟರು, ಇವರು ತೊಳೆದರು. ಮೂರು ಸಲ. ಉಗುರಿನ ಸಂದಿಯೆಲ್ಲ ಉಜ್ಜಿದರು. ಬಂದು ನನ್ನ ಎದುರು ಕಾಲು ಮಡಿಸಿ ಕೂತು, "ಕೊಡು ಇಲ್ಲಿ" ಅಂದರು.

ಎರಡು ದಿನದ ಮೇಲೆ ಮಗು ಅಪ್ಪನ ತೊಡೆಯೇರಿತು. ಏರಿದ ತಕ್ಷಣ ಅಳು ನಿಲ್ಲಿಸಿ ಅಂಗಿಯ ವಾಸನೆ ನೋಡಿತು.

"ಬಾಯಿ ನೋಯೋ ಕರೂಗೆ ಪಾತ್ರೆ ಇಟ್ರೆ ಕುಡಿಯಲ್ಲ ಕಣೇ" ಎಂದರು ಇವರು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. "ಬೆರಳು ಕೊಡ್ಬೇಕು. ಚೀಪ್ತಾ ಚೀಪ್ತಾ ಕುಡೀತಾವೆ." ಕಿರುಬೆರಳನ್ನು ಎಳನೀರಿನಲ್ಲಿ ಅದ್ದಿ ಗಿರಿಜಳ ಕೆಳತುಟಿಗೆ ತಾಗಿಸಿದರು. ಅವಳು ಮುಖ ತಿರುಗಿಸಿದಳು. ಇವರು ಬಲವಂತ ಮಾಡಲಿಲ್ಲ, ಬೆರಳನ್ನು ಅಲ್ಲೇ ಇಟ್ಟುಕೊಂಡು ನಾಲಿಗೆಯಲ್ಲಿ ಲೊಚ್ ಲೊಚ್ ಎಂದು ಸದ್ದು ಮಾಡುತ್ತಾ ಕಾದರು. ಕರುಗಳಿಗೆ ಮಾಡುವ ಸದ್ದು. ಸ್ವಲ್ಪ ಹೊತ್ತಿಗೆ ನಾಲಿಗೆಯ ತುದಿ ಹೊರಗೆ ಬಂತು, ಬೆರಳನ್ನು ಮುಟ್ಟಿತು, ಒಳಗೆ ಹೋಯಿತು. ಮತ್ತೆ ಬಂತು. ಮೂರನೆಯ ಸಲ ಬೆರಳನ್ನೇ ಚೀಪಿದಳು. ಇವರು ಬಟ್ಟಲನ್ನು ನಿಧಾನವಾಗಿ ಬೆರಳಿನ ಹತ್ತಿರಕ್ಕೆ ತಂದರು, ಬೆರಳಿನ ಪಕ್ಕದಿಂದ ಒಂದೊಂದೇ ತೊಟ್ಟು ಬಿಟ್ಟರು. ಗುಟುಕ್ ಎಂದು ಸದ್ದಾಯಿತು. ರಹಮತ್ ಬೀ "ಯಾ ಅಲ್ಲಾ" ಅಂದರು.

ಒಂದು ಎಳನೀರು ಮುಗಿಯಲು ಒಂದು ಗಂಟೆಯ ಮೇಲಾಯಿತು. ಎರಡನೆಯದನ್ನು ಬಟ್ಟಲಿನಿಂದಲೇ ಕುಡಿದಳು. ಬಿಸಿಲು ಗೋಡೆಯ ಅರ್ಧದವರೆಗೆ ಏರಿದಾಗ ಇವರು ಇದ್ದಕ್ಕಿದ್ದ ಹಾಗೆ ನೆಟ್ಟಗೆ ಕೂತರು. "ಲೇ" ಅಂದರು. ಪಂಚೆ ಒದ್ದೆಯಾಗುತ್ತಿತ್ತು. ಪಂಚೆ ದಾಟಿ ಹೊಸ ಹಾಸಿಗೆಗೂ ಇಳಿಯಿತು. ನಾನು ಗಾಬರಿಯಿಂದ ಮಗುವನ್ನು ಎತ್ತಲು ಹೋದರೆ ರಹಮತ್ ಬೀ ನನ್ನ ಕೈ ಹಿಡಿದರು. "ಹೊಯ್ಲಿ ಬುಡಿ ಅಮ್ಮಾ, ಹೊಯ್ಲಿ! ಹತ್ತಿ ಒಣಗುತ್ತೆ." ಇವರು ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ನಾಲ್ಕು ಗಂಟೆಗೆ ಡಾಕ್ಟರ ಮುಂದೆ ಹೋಗಿ ನಿಂತಾಗ ಬಾಯಲ್ಲಿ ಏನೂ ಹೇಳದೆ ಒದ್ದೆ ಪಂಚೆಯನ್ನೇ ತೋರಿಸಿದರು. ಡಾಕ್ಟರು, "ಸರಿ, ಊರಿಗೆ ಹೋಗಿ" ಅಂದರು.

ವಾರದಲ್ಲಿ ಬಾಯಿಯ ಹುಣ್ಣು ಮಾಗಿತು, ಗುಳ್ಳೆಗಳು ಒಣಗಿ ಉದುರಿದವು. ಅತ್ತೆ ಬೇವಿನ ನೀರಿನಲ್ಲಿ ಮೀಯಿಸಿ, ತಂಬಿಟ್ಟು ಮಾಡಿ ಮಾರಮ್ಮನ ಗುಡಿಗೆ ಕೊಟ್ಟು ಬಂದರು. "ನಮ್ಮಮ್ಮ ಮಾತು ಕೇಳುದ್ಲು" ಅಂದರು. ಹೂಂ ಅಂದೆ. ಹಾವೂ ಸಾ​ಯಬಾರದು, ಕೋಲೂ ಮುರಿಯಬಾರದು. ನಿಜ ಹೇಳಬೇಕೆಂದರೆ ಅತ್ತೆ ಕಟ್ಟಿದ ಬೇವಿನ ಸೊಪ್ಪನ್ನು ಕಂಡೇ ಬೀದಿಯ ಮಕ್ಕಳು ನಮ್ಮ ಮನೆಯೊಳಗೆ ಬರಲಿಲ್ಲ, ನಮ್ಮ ಬೀದಿಯಲ್ಲಿ ಇನ್ನೊಂದು ಮಗುವಿಗೆ ಆ ಕಾಯಿಲೆ ಹೋಗಲಿಲ್ಲ. ಎದುರು ಮನೆಯ ಅಜ್ಜಿ ಮತ್ತೆ ಚೊಂಬು ಕಳಿಸಿದರು. ಎರಡು ದಿನ ಹಾಲಿಲ್ಲವೆಂದು ಹೇಳಿ ಕಳಿಸಿದೆ, ಮೂರನೆಯ ದಿನ ಕೊಟ್ಟೆ.

ಕಥೆ ಇಲ್ಲಿಗೆ ಮುಗಿಯಿತೆಂದು ನಾವೂ ಅಂದುಕೊಂಡಿದ್ದೆವು. ಒಂದು ತಿಂಗಳಾಗಿರಬೇಕು, ಸ್ನಾನ ಮಾಡಿಸುವಾಗ ಗಿರಿಜಳ ಎಡಗೈ ಹೆಬ್ಬೆರಳಿನ ಉಗುರು ಬುಡದಲ್ಲಿ ಎದ್ದು ನಿಂತದ್ದು ಕಂಡಿತು. ನೋವಿಲ್ಲ, ರಕ್ತವಿಲ್ಲ. ಮುಟ್ಟಿದರೆ ಅಲುಗಾಡಿತು. ಇನ್ನೆರಡು ಬೆರಳಿನಲ್ಲೂ ಹಾಗೇ. ಈ ಕಾಯಿಲೆಯಲ್ಲಿ ಕೆಲವು ಮಕ್ಕಳಿಗೆ ಹೀಗಾಗುವುದುಂಟು, ತಾನೇ ಸರಿಹೋಗುತ್ತದೆ ಎಂದು ಈಗಿನ ಡಾಕ್ಟರುಗಳು ಮೊದಲೇ ಹೇಳುತ್ತಾರಂತೆ. ನಮಗೆ ಹೇಳುವವರಿರಲಿಲ್ಲ. ನನಗೆ ಹೆದರಿಕೆಯಾದದ್ದು ಮಗುವಿಗಿಂತ ಹೆಚ್ಚಾಗಿ ಇವರನ್ನು ನೆನೆದು. ಕಾಲುಬಾಯಿ ಜೋರಾಗಿ ಬಂದ ಎತ್ತಿಗೆ ವಾಸಿಯಾದ ಮೇಲೆ ಗೊರಸು ಕಳಚಿ ಬೀಳುವುದುಂಟು, ಆಮೇಲೆ ಆ ಎತ್ತು ಯಾವ ಕೆಲಸಕ್ಕೂ ಬರುವುದಿಲ್ಲ. ಆ ವರ್ಷ ಅಂಥ ಎತ್ತುಗಳನ್ನು ಇವರು ಎಷ್ಟೋ ನೋಡಿದ್ದರು.

ಒಂದು ದಿನ ಮುಚ್ಚಿಟ್ಟೆ. ಎರಡನೆಯ ದಿನ ಸಂಜೆ ಇವರು ಕೈ ತೊಳೆದು ಬಂದು ಜಗಲಿಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಗ ಹೆಬ್ಬೆರಳಿನ ಉಗುರು ಅವರ ಅಂಗಿಗೆ ಸಿಕ್ಕಿಕೊಂಡು ಕಳಚಿ ಬಂತು. ನಾನು ಬಾಗಿಲಲ್ಲಿ ನಿಂತಿದ್ದೆ. ಇವರು ಅಂಗಿಯ ಮೇಲಿದ್ದ ಆ ಚೂರನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಈಗ ಮಗುವನ್ನು ಕೆಳಗಿಳಿಸಿ ಎದ್ದು ಹೋಗುತ್ತಾರೆ ಎಂದು ನಾನು ಕಾದೆ. ಎತ್ತಿಕೊಳ್ಳಲು ಒಂದು ಹೆಜ್ಜೆ ಮುಂದೆಯೂ ಇಟ್ಟೆ.

ಇವರು ಏಳಲಿಲ್ಲ. ಮಗುವಿನ ಹೆಬ್ಬೆರಳನ್ನು ಇನ್ನೂ ಇದ್ದ ಬೆಳಕಿನ ಕಡೆಗೆ ತಿರುಗಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ತುಂಬ ಹೊತ್ತು ನೋಡಿದರು.

"ಕೆಳಗೆ ಹೊಸದು ಬತ್ತಾ ಐತೆ" ಅಂದರು. "ಗೊರಸಲ್ಲ ಕಣೇ. ಉಗುರು. ನನ್ ಮಗಳ ಉಗುರು."

ಗಿರಿಜ ಇನ್ನೊಂದು ಕೈಯನ್ನೂ ತಂದು ಅವರ ಕೈಯೊಳಗಿಟ್ಟಳು.